ಸಹಾಯ ಬೇಕು: ಬಿಸಿಲಿಗಿಟ್ಟ ಚರ್ಮದ ಕೋಶಗಳಲ್ಲಿ ಬಾಲ ತಡವಾಗಿ ಬರುತ್ತಿದೆ

ನಮಸ್ಕಾರ. ಶಿವಮೊಗ್ಗದಲ್ಲಿ ಎಂಎಸ್ಸಿ ಪ್ರಾಜೆಕ್ಟ್ ಮಾಡುತ್ತಿದ್ದೇನೆ, ಮೂರು ವಾರದಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ.

ಚರ್ಮದ ಫೈಬ್ರೋಬ್ಲಾಸ್ಟ್ ಕೋಶಗಳನ್ನು ಐಸ್ ಮೇಲಿಟ್ಟು, ಮಹಡಿಯಲ್ಲಿ ಮಧ್ಯಾಹ್ನದ ಬಿಸಿಲಿಗೆ 20 ನಿಮಿಷ ಒಡ್ಡುತ್ತೇನೆ. ಮೋಡ ಬಂದ ದಿನ ಮಾಡುವುದಿಲ್ಲ, ಮಲೆನಾಡಲ್ಲಿ ಅದೇ ದೊಡ್ಡ ಕಾಟ. ಡಿಶ್‌ನ ಪ್ಲಾಸ್ಟಿಕ್ ಮುಚ್ಚಳ ಯುವಿ-ಬಿ (ಬಿಸಿಲಿನ ಒಂದು ಬಗೆಯ ಅತಿನೇರಳೆ ಕಿರಣ) ತಡೆಯುತ್ತದೆ ಅಂತ ಅದನ್ನೂ ತೆಗೆದಿರುತ್ತೇನೆ. ಆಮೇಲೆ ಆಲ್ಕಲೈನ್ ಕಾಮೆಟ್ ಪರೀಕ್ಷೆ: ಕೋಶ ಒಡೆದು ವಿದ್ಯುತ್ ಹಾಯಿಸಿದಾಗ, ತುಂಡಾದ ಡಿಎನ್ಎ ಧೂಮಕೇತುವಿನ ಬಾಲದ ಹಾಗೆ ಹೊರಗೆ ಹರಿಯುತ್ತದೆ.

ತಕ್ಷಣ ನೋಡಿದರೆ ಬಾಲವೇ ಇಲ್ಲ, ಹುಣ್ಣಿಮೆ ಚಂದ್ರನ ಹಾಗೆ ದುಂಡಗಿರುತ್ತದೆ. 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ಉದ್ದ ಬಾಲ, 24 ಗಂಟೆಗೆ ಮತ್ತೆ ಮಾಯ. ರಿಪೇರಿ ಆಗುತ್ತಾ ಹೋದರೆ ಬಾಲ ಕಡಿಮೆ ಆಗಬೇಕು, ಅಲ್ವಾ?

ಲೈಸಿಸ್ ಬಫರ್ (ಕೋಶ ಒಡೆಯುವ ದ್ರಾವಣ) ಹೊಸದಾಗಿ ಮಾಡಿದೆ. ಡಿಎನ್ಎ ತುಂಡರಿಸುವ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದ ಕಂಟ್ರೋಲ್‌ನಲ್ಲಿ ಬಾಲ ಚೆನ್ನಾಗಿ ಬರುತ್ತದೆ, ಕತ್ತಲಲ್ಲಿಟ್ಟ ಕೋಶಗಳಲ್ಲಿ ಯಾವಾಗಲೂ ಇಲ್ಲ. ಯುವಿ-ಬಿ ಹೆಚ್ಚಾಗಿ ಡಿಎನ್ಎಯಲ್ಲಿ ಪಕ್ಕಪಕ್ಕದ ಥೈಮಿನ್‌ಗಳನ್ನು (ಡಿಎನ್ಎಯ ಒಂದು ಅಕ್ಷರ) ಅಂಟಿಸಿ ಡೈಮರ್ ಮಾಡುತ್ತದೆ, ಡಿಎನ್ಎ ಎಳೆ ಕತ್ತರಿಸುವುದು ರಿಪೇರಿ ಕಿಣ್ವಗಳು ಅಂತ ಓದಿದ್ದೇನೆ.

ಹಾಗಾದರೆ ಒಂದು ಗಂಟೆಯ ಬಾಲ ರಿಪೇರಿಯದ್ದೇನಾ? ನಿಜವಾದ ಹಾನಿ ಅಳೆಯಲು ಲೈಸಿಸ್ ಆದಮೇಲೆ ಟಿ4 ಎಂಡೋನ್ಯೂಕ್ಲಿಯೇಸ್ ವಿ (ಡೈಮರ್ ಇರುವಲ್ಲಿ ಎಳೆ ಕತ್ತರಿಸುವ ಕಿಣ್ವ) ಹಾಕಲೇಬೇಕಾ, ಅಥವಾ ಡೈಮರ್‌ಗೆ ಅಂಟಿ ಅದನ್ನು ತೋರಿಸುವ ಥೈಮಿನ್ ಡೈಮರ್ ಆಂಟಿಬಾಡಿ ಸಾಕಾ? ಎರಡನ್ನೂ ಕೊಳ್ಳುವಷ್ಟು ದುಡ್ಡಿಲ್ಲ. ಮಾಡಿ ನೋಡಿದವರು ದಯವಿಟ್ಟು ಹೇಳಿ.