ಕುಸ್ತಿ, ಜೂಡೋ ಕಲಿತರೆ ಸಿಟ್ಟು ಹತೋಟಿಗೆ ಬರುತ್ತಾ, ಇಲ್ಲ ಅದು ಬರೀ ಬೋರ್ಡಿನ ಮಾತಾ?

ಬಿಳಿಬೆಲ್ಟು:

ಜೂಡೋ ಕ್ಲಬ್ಬಿರಲಿ, ಗರಡಿ ಮನೆಯಿರಲಿ, ಗೋಡೆ ಮೇಲೆ ಒಂದು ಮಾತು ಇದ್ದೇ ಇರುತ್ತೆ: ಎದುರಾಳಿಯನ್ನಲ್ಲ, ಮೊದಲು ನಿನ್ನನ್ನು ನೀನು ಗೆಲ್ಲು. ಕೇಳೋಕೆ ಚೆನ್ನಾಗಿದೆ. ಆದರೆ ವರ್ಷಗಟ್ಟಲೆ ಸಾಮು ಮಾಡಿದ ಪೈಲ್ವಾನರು ಪಾರ್ಕಿಂಗ್ ಜಾಗಕ್ಕೆ ಕೊರಳಪಟ್ಟಿ ಹಿಡಿಯೋದು, ಬ್ಲ್ಯಾಕ್ ಬೆಲ್ಟ್ ಕಟ್ಟಿದವರು ಪಾಯಿಂಟ್ ಹೋಯ್ತು ಅಂತ ರೆಫ್ರಿ ಮೇಲೆ ಎಗರೋದು ಎಲ್ಲರೂ ಕಂಡಿರೋದೇ. ಹಾಗಾದರೆ ಈ ಅಭ್ಯಾಸ ಮನಸ್ಸಿಗೆ ನಿಜವಾಗಿ ಏನಾದರೂ ಮಾಡುತ್ತಾ? ಮಾಡುತ್ತೆ ಅನ್ನೋದಾದರೆ ಅದರ ಯಾವ ಭಾಗ, ಹೇಗೆ? ವಾರಕ್ಕೆ ಎರಡು ಮೂರು ದಿನ ಮಾತ್ರ ಬಿಡುವಿರೋರು ಏನನ್ನು ಬೇರೆ ಥರ ಮಾಡಬೇಕು? ದಯವಿಟ್ಟು "ಧ್ಯಾನ ಮಾಡಿ" ಅಂತ ಒಂದೇ ಸಾಲಲ್ಲಿ ಮುಗಿಸಬೇಡಿ.

ಎಡಗೈ:

ತಾನಾಗಿ ಏನೂ ಆಗಲ್ಲ. ಜೂಡೋ ಹುಟ್ಟುಹಾಕಿದ ಕಾನೊ ಜಿಗೊರೊ 1882ರಲ್ಲಿ ಟೋಕಿಯೋದ ಒಂದು ಬೌದ್ಧ ಗುಡಿಯಲ್ಲಿ, ಹನ್ನೆರಡು ಚಾಪೆ ಹಾಸೋವಷ್ಟು ಜಾಗದಲ್ಲಿ ಕೊಡೊಕಾನ್ ಅನ್ನೋ ಜೂಡೋ ಶಾಲೆ ಶುರು ಮಾಡಿದ. ಮೂಲತಃ ಮೇಷ್ಟ್ರು. ದೇಹ ಬೆಳೆಸೋದು, ಸೆಣಸೋದು, ಮನಸ್ಸು ತಿದ್ದೋದು ಅಂತ ಜೂಡೋಗೆ ಮೂರು ಗುರಿ ಇಟ್ಟ. ಈಗಿನ ಕ್ಲಬ್ಬುಗಳಲ್ಲಿ ಮೊದಲೆರಡಕ್ಕೆ ಟೈಮ್‌ಟೇಬಲ್ ಇದೆ, ಮೂರನೇದಕ್ಕೆ ಬೋರ್ಡಿದೆ. ನೀವು ಹೇಳಿದ ಪೈಲ್ವಾನರು, ಬ್ಲ್ಯಾಕ್ ಬೆಲ್ಟುಗಳು ತಯಾರಾಗೋದು ಹೀಗೆ.

ಮೂರನೇದನ್ನೂ ಕೈಕಾಲಿನ ಮಟ್ಟದಲ್ಲೇ ಅಭ್ಯಾಸ ಮಾಡಬಹುದು. ಒ-ಸೊತೊ-ಗಾರಿ ಅನ್ನೋ ಎಸೆತ ತಗೊಳ್ಳಿ. ಬಲಗೈಯವರಾದರೆ ಎಡಗೈಲಿ ಎದುರಿನವರ ಬಲತೋಳನ್ನು ಮೊಣಕೈ ಹತ್ತಿರ ಹಿಡಿದಿರ್ತೀರಿ, ಬಲಗೈ ಕಾಲರ್ ಮೇಲೆ, ಬಲಗಾಲು ಅವರ ಬಲಗಾಲಿನ ಹಿಂದೆ ಹೋಗಿ ಸವರುತ್ತೆ. ಆಳು ಬೀಳುವಾಗ ಆ ಎಡಗೈ ತೋಳನ್ನು ಬಿಡದೆ ಮೇಲಕ್ಕೆ ಎಳೆದು ಹಿಡೀಬೇಕು. ಆಗ ಅವರ ಬೆನ್ನು ಒಂದು ಪಕ್ಕವಾಗಿ ಚಾಪೆಗೆ ತಾಗುತ್ತೆ, ತಲೆ ಉಳಿಯುತ್ತೆ. ಬಿಟ್ಟರೆ ನೇರ ಹಿಂದಲೆಗೆ ಪೆಟ್ಟು. ಜೂಡೋದಲ್ಲಿ ತಲೆಗೆ ಏಟು ಬೀಳೋ ಎಸೆತಗಳಲ್ಲಿ ಇದೇ ಮುಂದು.

ಸಿಟ್ಟು ಬಂದಾಗ ಮೊದಲು ಕೆಡೋದು ಈ ಎಡಗೈ. ಮುಖದಲ್ಲಿ ನಗು ಇಟ್ಟುಕೊಂಡು ಯಾರಾದರೂ ನಟಿಸಬಹುದು, ಎಡಗೈಲಿ ಆಗಲ್ಲ. ತೋಳು ಬಿಟ್ಟುಹೋಗುತ್ತೆ, ಇಲ್ಲವೇ ಎಸೆದವನು ಬಿದ್ದವನ ಎದೆ ಮೇಲೇ ಬೀಳ್ತಾನೆ. ಒಬ್ಬರ ಸಂಯಮ ಅಳೀಬೇಕಾದರೆ ಎಷ್ಟು ಎಸೆದರು ಅಂತ ನೋಡಬೇಡಿ, ಕೊನೆವರೆಗೆ ಎಷ್ಟು ಸಲ ತೋಳು ಹಿಡಿದಿದ್ದರು ನೋಡಿ. ಜೊತೆಗಾರರಿಗೆ ಮೊದಲೇ ಹೇಳಿಟ್ಟರೆ ಅವರೇ ಲೆಕ್ಕ ಇಡ್ತಾರೆ.

ಎರಡನೇದು, ರಂದೋರಿಯಲ್ಲಿ, ಅಂದರೆ ಜೊತೆಗಾರರ ಜೊತೆ ಬಿಡುಬೀಸಾಗಿ ಸೆಣಸೋ ಅಭ್ಯಾಸದಲ್ಲಿ, "ಮಟ್ಟೆ". ಮಟ್ಟೆ ಅಂದರೆ ನಿಲ್ಲಿಸು. ಮೂರು ನಿಮಿಷದ ಸುತ್ತಿನಲ್ಲಿ ಕೋಚ್ ನಾಲ್ಕೈದು ಸಲ ಮಟ್ಟೆ ಕೂಗಲಿ, ಅದೂ ಒಬ್ಬರು ಎಸೆಯೋಕೆ ತಿರುಗಿ ಇನ್ನೇನು ಎತ್ತಬೇಕು ಅನ್ನೋ ಹೊತ್ತಿಗೆ. ಎತ್ತೋ ಮುಂಚೆ ಕೂಗಬೇಕು, ಆಳು ಗಾಳಿಯಲ್ಲಿದ್ದಾಗ ಕೂಗಿದರೆ ಅಪಾಯ. ಕೂಗಿದ ತಕ್ಷಣ ಎರಡೂ ಕೈ ಬಿಡಬೇಕು. ಹೊಸಬರು ಒಂದೆರಡು ಸೆಕೆಂಡ್ ಎಳೆದೇ ಬಿಡ್ತಾರೆ. ಆ ಒಂದೆರಡು ಸೆಕೆಂಡೇ ಪಾರ್ಕಿಂಗ್ ಜಗಳದಲ್ಲೂ ಕೈ ಎತ್ತಿಸೋದು.

ಮೂರನೇದು ಬಿಸಿ ಏರದಂತೆ ನೋಡಿಕೊಳ್ಳೋದು. ಐದು ಸುತ್ತಿದ್ದರೆ ಐದೂ ಪೂರ್ತಿ ಬಲದಲ್ಲಿ ಆಡಿದರೆ ಕಲಿಯೋದು ಉಳಿವಿನ ಹೋರಾಟ ಮಾತ್ರ. ಮೊದಲೆರಡು ಸುತ್ತು ಮೂಗಲ್ಲೇ ಉಸಿರಾಡೋಕೆ ಆಗೋವಷ್ಟು ಬಲ, ಬಾಯಿ ತೆರೆದರೆ ಇಳಿಸಿ. ಮೂರನೇದರಲ್ಲಿ ಬೇಕಂತಲೇ ಕೆಟ್ಟ ಸ್ಥಿತಿಯಿಂದ ಶುರು ಮಾಡಿ, ಅಂದರೆ ಕೆಳಗೆ, ಎದೆ ಮೇಲೆ ಒರಗಿ ಅದುಮಿ ಹಿಡಿಯೋ ಕೇಸಾ-ಗತಾಮೆ ಪಟ್ಟಿನಲ್ಲಿ ಸಿಕ್ಕಿಕೊಂಡು. ಎದೆ ಮೇಲೆ ಭಾರ ಬಿದ್ದಾಗ ಎಲ್ಲರೂ ಉಸಿರು ಒಳಗೆಳೆದು ಕಟ್ಟಿಬಿಡ್ತಾರೆ, ಗಾಬರಿ ಅಲ್ಲಿಂದ ಏರುತ್ತೆ. ಉದ್ದಕ್ಕೆ ಉಸಿರು ಬಿಟ್ಟು, ಸೊಂಟ ಒಂದು ಗೇಣು ಸರಿಸಿ, ಆಮೇಲೆ ಮುಂದಿನ ಯೋಚನೆ. ಕೊನೆ ಎರಡರಲ್ಲಿ ಬೇಕಾದರೆ ಪೂರ್ತಿ ಬಲ ಹಾಕಿ.

ಮಟ್ಟಿಮಣ್ಣು:

ಎಡಗೈ ಅವರ ಮಾತು ಸರಿ. ಗರಡಿ ಕಡೆಯಿಂದ ಎರಡು ವಿಷಯ ಸೇರಿಸ್ತೀನಿ.

ನಮ್ಮ ಮೈಸೂರು ಸೀಮೆ ಗರಡಿಗಳಲ್ಲಿ ಸಾಮಿಗೆ ಮುಂಚೆ ಮಟ್ಟಿ, ಅಂದರೆ ಕಣದ ಮಣ್ಣು, ಹದ ಮಾಡೋ ಕೆಲಸ ಇರುತ್ತೆ. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ, ಗುದ್ದಲಿಯಿಂದ ಬುಡಮೇಲು ಮಾಡಿ, ಕಲ್ಲು ಬೇರು ಆರಿಸಿ, ಮಟ್ಟ ಹೊಡೀಬೇಕು. ಒಣಗಿದರೆ ಮೈ ತರಚುತ್ತೆ, ಗಟ್ಟಿಯಾದರೆ ಭುಜ ಜಾರುತ್ತೆ, ನೀರು ಹೆಚ್ಚಾದರೆ ಕಾಲು ನಿಲ್ಲಲ್ಲ. ಉಸ್ತಾದರು ಇದನ್ನು ಹೊಸ ಹುಡುಗರಿಗೆ ಕೊಡೋದು ಸುಮ್ಮನೆ ಅಲ್ಲ. ನಾಳೆ ತನ್ನನ್ನು ಕೆಡವೋನಿಗೂ ಅದೇ ಮಣ್ಣು ಮೆತ್ತಗೆ ಮಾಡಿಕೊಡಬೇಕು. ಈಗ ಸಿಂಥೆಟಿಕ್ ಮ್ಯಾಟ್ ಬಂದ ಮೇಲೆ ಸ್ಪರ್ಧೆಗೆ ಅನುಕೂಲ ಆಗಿದೆ, ಇಲ್ಲ ಅನ್ನಲ್ಲ. ಆದರೆ ಹುಡುಗ ಬ್ಯಾಗು ಎಸೆದು ನೇರ ಜೋಡಿಗೆ ಇಳೀತಾನೆ. ಮ್ಯಾಟ್ ಇರೋ ಕಡೆಯೂ ಗುಡಿಸಿ ಒರೆಸೋ ಸರದಿ ಹಿರಿಯರಿಂದಲೇ ಶುರುವಾಗಲಿ.

ಎರಡನೇದು ಲೆಕ್ಕದ ಹುಚ್ಚು. ದಂಡ ಐನೂರು, ಬಸ್ಕಿ ಸಾವಿರ ಅಂತ ಹೇಳಿಕೊಳ್ಳೋದರಲ್ಲೇ ಅರ್ಧ ಅಹಂಕಾರ ಬೆಳೆಯುತ್ತೆ. ವಾರಕ್ಕೆ ಮೂರು ದಿನದ ಸಾಧಕರಿಗೆ 20 ದಂಡ, 25 ಬಸ್ಕಿ, ಇಂಥದ್ದು ನಾಲ್ಕು ಸುತ್ತು ಸಾಕು. ಹಿಮ್ಮಡಿ ಎತ್ತಿ ಮಾಡೋ ಬಸ್ಕಿಯಲ್ಲಿ ಭಾರವೆಲ್ಲ ಮಂಡಿಯ ಮುಂಭಾಗಕ್ಕೆ ಬೀಳುತ್ತೆ. ಸುಸ್ತಾದ ಮೇಲೆ ಲೆಕ್ಕ ತುಂಬಿಸೋಕೆ ಧೊಪ್ಪನೆ ಕೂತರೆ ಚಿಪ್ಪಿನ ಕೆಳಗೆ ನೋವು ಹತ್ತಿಕೊಳ್ಳುತ್ತೆ, ಬೇಗ ಬಿಡಲ್ಲ. ಇನ್ನೂ ಐದು ಮಾಡೋ ಶಕ್ತಿ ಇದ್ದಾಗಲೇ ನಿಲ್ಲಿಸಿ ಅಂದರೆ ಪೈಲ್ವಾನರಿಗೆ ಅವಮಾನ. ಮೊದಲು ಆ ಅವಮಾನ ತಡ್ಕೊಳ್ಳೋದು ಕಲೀಲಿ.

ಮಿತಿ ಅಂದರೇನು ಅಂತ ನೋಡಬೇಕಾದರೆ ಅರಮನೆಯಲ್ಲಿ ವಿಜಯದಶಮಿ ದಿನ ನಡೆಯೋ ವಜ್ರಮುಷ್ಟಿ ಕಾಳಗ ನೋಡಿ. ತಲೆ ಬೋಳಿಸಿಕೊಂಡ ಜಟ್ಟಿಗಳು, ಕೈಲಿ ಮೊನೆಯಿರೋ ಮುಷ್ಟಿ. ತಲೆಯಿಂದ ಮೊದಲ ರಕ್ತ ಕಂಡ ಕೂಡಲೇ ಕಾಳಗ ಮುಗೀತು. ಅಷ್ಟು ತಯಾರಿ ಮಾಡಿ ಬಂದವನು ಒಂದೇ ಗೀರಿಗೆ ಕೈ ಇಳಿಸಬೇಕು.

ಓದುಗ್ಯಾ:

ಇಬ್ಬರೂ ಹೇಳಿದ್ದು ಉಪಯುಕ್ತ, ಆದರೆ ಒಂದು ತಕರಾರು. ಕಣದಲ್ಲಿ ಕೈ ಬಿಡೋದು ಕಲಿತವರು ಮನೆಯಲ್ಲಿ ಬಿರುಸು ಮಾತು ಬಿಡೋದನ್ನೂ ಕಲೀತಾರೆ ಅನ್ನೋದಕ್ಕೆ ಏನಾಧಾರ? ಬಸವಣ್ಣ ಕೋಪವನ್ನು ಎರಡು ಮಾಡ್ತಾನೆ. ತನುವಿನ ಕೋಪದಿಂದ ಹಿರಿತನ ಕೆಡುತ್ತೆ, ಮನದ ಕೋಪದಿಂದ ಅರಿವು ಕೆಡುತ್ತೆ. ನೀವು ಹೇಳಿದ ಮದ್ದೆಲ್ಲ ಮೊದಲನೇದಕ್ಕೆ.

ಬಾಹುಬಲಿಯ ಕಥೆಯನ್ನೇ ನೋಡಿ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಅಣ್ಣನನ್ನು ಗೆದ್ದ. ಭರತನನ್ನು ಮೇಲಕ್ಕೆತ್ತಿದವನು ನೆಲಕ್ಕೆ ಅಪ್ಪಳಿಸದೆ ಇಳಿಸಿದ. ಎಡಗೈ ಅವರ ಲೆಕ್ಕದಲ್ಲಿ ಪೂರ್ತಿ ಅಂಕ. ರಾಜ್ಯವನ್ನೂ ಬಿಟ್ಟು ಒಂದು ವರ್ಷ ನಿಂತಲ್ಲೇ ನಿಂತ, ಕಾಲಿಗೆ ಬಳ್ಳಿ ಹಬ್ಬಿತು. ಆದರೂ ಜ್ಞಾನ ಬರಲಿಲ್ಲ, ಯಾಕೆಂದರೆ ನಿಂತ ನೆಲ ಭರತನದು ಅನ್ನೋ ಒಂದು ಮುಳ್ಳು ಒಳಗೆ ಉಳಿದಿತ್ತು ಅಂತ ಕಥೆ ಹೇಳುತ್ತೆ. ಆ ಮುಳ್ಳಿಗೆ ಸಾಮಿನಲ್ಲಿ ಪಟ್ಟು ಇಲ್ಲ. ಕುಸ್ತಿಯನ್ನು ಕುಸ್ತಿಯಾಗಿ ಇಷ್ಟಪಟ್ಟು ಮಾಡಿದರೆ ಸಾಲದೇ? ಬದುಕಿನ ಅರ್ಥದ ಮೂಟೆಯನ್ನೂ ಅದರ ಬೆನ್ನಿಗೆ ಯಾಕೆ ಹೊರಿಸಬೇಕು?

ಎಡಗೈ:

ತಕರಾರು ಒಪ್ಪಿದೆ, ಅರ್ಧ. ಮನದ ಕೋಪಕ್ಕೆ ಜೂಡೋ ಮದ್ದಲ್ಲ. ಆದರೆ ಅದೂ ಮೈ ಮೇಲೆ ಬಂದೇ ಹೋಗುತ್ತೆ: ದವಡೆ ಬಿಗಿಯುತ್ತೆ, ಭುಜ ಕಿವಿ ಕಡೆ ಏರುತ್ತೆ, ಹೆಬ್ಬೆರಳು ಮುಷ್ಟಿಯೊಳಗೆ ಹೋಗುತ್ತೆ. ಚಾಪೆ ಮೇಲೆ ಈ ಗುರುತುಗಳನ್ನು ಹಿಡಿಯೋ ಅಭ್ಯಾಸ ಆದವರಿಗೆ ಊಟದ ಮೇಜಿನಲ್ಲೂ ಅವು ಬೇಗ ಗೊತ್ತಾಗುತ್ತವೆ. ಗೊತ್ತಾದ ಮೇಲೆ ಸುಮ್ಮನಿರೋದು ಬಿಡೋದು ಅವರಿಗೆ ಬಿಟ್ಟಿದ್ದು. ಅದಕ್ಕೇ ಅಭ್ಯಾಸ ಬೇರೆ ಮಾಡಬೇಕು: ದಿನಕ್ಕೊಂದು ಸನ್ನಿವೇಶ ಮೊದಲೇ ಆರಿಸಿಕೊಳ್ಳಿ, ಸಿಗ್ನಲ್ಲಿನಲ್ಲಿ ಹಿಂದಿನವರ ಹಾರ್ನ್ ಅಂದ್ಕೊಳ್ಳಿ. ಅದು ಬಂದಾಗ ದವಡೆ ಸಡಿಲಿಸಿ ಒಂದು ಉದ್ದ ಉಸಿರು ಬಿಡೋದು, ಅಷ್ಟೇ. ಎಲ್ಲ ಸಿಟ್ಟಿನ ಮೇಲೂ ಒಟ್ಟಿಗೆ ಹೊರಟವರು ಸಾಮಾನ್ಯವಾಗಿ ವಾರದೊಳಗೆ ಕೈಚೆಲ್ತಾರೆ.

ಅರ್ಥದ ಮೂಟೆ ಬಗ್ಗೆ ನಿಮ್ಮ ಮಾತೇ ನನ್ನದೂ.

ಬಿಳಿಬೆಲ್ಟು:

ತುಂಬಾ ಉಪಕಾರ ಆಯ್ತು. ಒಂದು ಉಳಿದಿದೆ: ನಲವತ್ತೈದು ದಾಟಿದವರು ಈಗ ಶುರು ಮಾಡಬಹುದಾ? ಬೀಳೋದೇ ಭಯ.

ಎಡಗೈ:

ಮಾಡಬಹುದು, ಬಿಪಿ ಮತ್ತು ಕತ್ತು ಡಾಕ್ಟರಿಗೆ ತೋರಿಸಿಕೊಂಡು. ಮೊದಲ ನಾಲ್ಕು ವಾರ ಯಾರಿಂದಲೂ ಎಸೆಸಿಕೊಳ್ಳಬೇಡಿ, ಬೀಳೋದು ಮಾತ್ರ. ಕುಕ್ಕರಗಾಲಲ್ಲಿ ಕೂತು, ಗದ್ದ ಎದೆಗೆ ಒತ್ತಿ, ನಡುಪಟ್ಟಿಯ ಗಂಟು ನೋಡ್ತಾ ಹಿಂದಕ್ಕೆ ಉರುಳಿ. ಬೆನ್ನು ಚಾಪೆಗೆ ತಾಗೋ ಹೊತ್ತಿಗೇ ಉಸಿರು ಬಿಟ್ಟು, ಎರಡೂ ಕೈ ಅಂಗೈಯಿಂದ ಮೊಣಕೈವರೆಗೆ ಒಟ್ಟಿಗೆ ಚಾಪೆಗೆ ಹೊಡೀಬೇಕು. ಕೈ ಮೈಯಿಂದ 30ರಿಂದ 45 ಡಿಗ್ರಿ ದೂರ ಇರಲಿ. ಹೆಚ್ಚು ಅಗಲಿಸಿದರೆ ಭುಜಕ್ಕೆ ಪೆಟ್ಟು, ಹಿಂದಕ್ಕೆ ಊರಿದರೆ ಮಣಿಕಟ್ಟು ಹೋಗುತ್ತೆ. ತರಗತಿಗೆ 20 ಸಲ ಸಾಕು. ಆಮೇಲೆ ಪಕ್ಕಕ್ಕೆ ಬೀಳೋದು, ಕೊನೆಗೆ ದಪ್ಪ ಕ್ರ್ಯಾಶ್ ಮ್ಯಾಟ್ ಮೇಲೆ ನಿಧಾನದ ಎಸೆತ.

ರಂದೋರಿ ಬೇಡವೇ ಬೇಡ ಅನ್ನೋರಿಗೆ ಜು-ನೊ-ಕಾತಾ ಇದೆ, ಇಬ್ಬರು ಮೊದಲೇ ಗೊತ್ತಿರೋ ಕ್ರಮದಲ್ಲಿ ನಿಧಾನವಾಗಿ ಮಾಡೋ ಅಭ್ಯಾಸ. ಹದಿನೈದು ತಂತ್ರ, ಎತ್ತೋದಿದೆ, ಬೀಳಿಸೋದಿಲ್ಲ, ಜೂಡೋ ಬಟ್ಟೆ ಇಲ್ಲದೆಯೂ ಮಾಡಬಹುದು. ಕ್ಲಬ್ಬಿಗೆ ಸೇರೋ ಮುಂಚೆ ಅಲ್ಲಿ ಯಾರಾದರೂ ಅದನ್ನು ಕಲಿಸ್ತಾರಾ ಕೇಳಿ. ಕೇಳಿದ್ದಕ್ಕೆ ನಕ್ಕರೆ ಬೇರೆ ಕ್ಲಬ್ ನೋಡಿ.