ಮಗಳ ಎಂಬಿಬಿಎಸ್‌ಗೆ ಗದ್ದೆ ಮಾರಬೇಕಾ? ಅನುಭವ ಇದ್ದವರು ಹೇಳಿ

ಕಾರಟಗಿ ಕಡೆಯ ಒಬ್ಬ ತಂದೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಕಾರಟಗಿ ಹತ್ತಿರದ ಹಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ 6 ಎಕರೆ ಗದ್ದೆ ಇದೆ. ಹೆಂಡತಿ ಅಂಗನವಾಡಿ ಕಾರ್ಯಕರ್ತೆ. ಮಗಳು ಎರಡನೇ ಸಲ ನೀಟ್ ಬರೆದಿದ್ದಾಳೆ. ಸರ್ಕಾರಿ ಸೀಟು ಸ್ವಲ್ಪದರಲ್ಲಿ ತಪ್ಪಬಹುದು ಅಂತ ಕೋಚಿಂಗ್‌ನವರು ಹೇಳುತ್ತಿದ್ದಾರೆ. ಖಾಸಗಿ ಕಾಲೇಜಿನಲ್ಲಿ ಪ್ರೈವೇಟ್ ಸೀಟು ಸಿಗುತ್ತದೆ, ಆದರೆ ವರ್ಷಕ್ಕೆ 12 ಲಕ್ಷದ ಹತ್ತಿರ. ಹಾಸ್ಟೆಲ್ಲು, ಊಟ ಬೇರೆ. ನಾಲ್ಕೂವರೆ ವರ್ಷಕ್ಕೆ 60 ಲಕ್ಷ ದಾಟುತ್ತದೆ. ನಮ್ಮ ಗದ್ದೆಯನ್ನು ಎಕರೆಗೆ 30 ಲಕ್ಷಕ್ಕೆ ಕೇಳುತ್ತಿದ್ದಾರೆ, ಎರಡು ಎಕರೆ ಕೊಟ್ಟುಬಿಡಿ ಅಂತಾನೆ ಭಾವಮೈದ. ನಮ್ಮ ಅಣ್ಣ ಮಾತ್ರ ಗದ್ದೆ ಮುಟ್ಟಬೇಡ, ಅಡತಿ ಅಂಗಡಿಯಲ್ಲಿ (ಭತ್ತ ಕೊಳ್ಳುವ ದಲ್ಲಾಳಿಗಳ ಹತ್ತಿರ) ಮಾತಾಡಿ ಸಾಲ ಕೊಡಿಸುತ್ತೇನೆ ಅಂತಾನೆ. ಮಗ ಇನ್ನೂ 9ನೇ ಕ್ಲಾಸು. ರಾತ್ರಿ ನಿದ್ದೆ ಬರುತ್ತಿಲ್ಲ. ಈ ದಾರಿಯಲ್ಲಿ ಹೋಗಿ ಬಂದವರು ಹೇಳಿ, ಬೈದರೂ ಪರವಾಗಿಲ್ಲ.

ಸಿಂಧನೂರಿನಿಂದ ಒಬ್ಬರು:

ಅಣ್ಣಾರೇ, ನಿಮ್ಮ ಅಣ್ಣ ಹೇಳಿದ ದಾರಿ ಹಿಡಿದವನು ನಾನು. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ, ಫೀಸಿಗೆ ಅಂತ ಅಡತಿ ಅಂಗಡಿಯ ಮೆಟ್ಟಿಲು ಹತ್ತಬೇಡಿ.

2017ರಲ್ಲಿ ಮಗನಿಗೆ ಪ್ರೈವೇಟ್ ಸೀಟು ಸಿಕ್ಕಿತು. ಆಗ ಫೀಸು ವರ್ಷಕ್ಕೆ 7 ಲಕ್ಷದ ಆಸುಪಾಸು. ಮೊದಲ ಎರಡು ವರ್ಷ ಕೂಡಿಟ್ಟ ದುಡ್ಡು, ಹೆಂಡತಿಯ ಬಂಗಾರ, ಒಂದು ಚೀಟಿ ಎತ್ತಿದ್ದು, ಹೇಗೋ ಸಾಗಿತು. 2019ಕ್ಕೆ ಕೈ ಖಾಲಿ. ಆಗ ನಮ್ಮ ಗದ್ದೆಗೆ ಎಕರೆಗೆ 18 ಲಕ್ಷ ನಡೆಯುತ್ತಿತ್ತು. ಒಂದು ಎಕರೆ ಕೊಟ್ಟಿದ್ದರೆ ಕೋರ್ಸು ಮುಗಿಯುತ್ತಿತ್ತು. ಕೊಡಲಿಲ್ಲ. ಅಪ್ಪ ಮಾಡಿಟ್ಟ ಹೊಲ ಮಗ ಮಾರಿದ ಅಂತ ಕಟ್ಟೆ ಮೇಲೆ ಕೂತವರು ಆಡಿಕೊಳ್ಳುತ್ತಾರೆ ಅನ್ನೋ ಭಯ, ಅಷ್ಟೇ. ಬೇರೆ ಕಾರಣ ಹೇಳಿದರೆ ಸುಳ್ಳಾಗುತ್ತದೆ.

ಅಡತಿಯವರ ಹತ್ತಿರ 2 ರೂಪಾಯಿ ಬಡ್ಡಿಗೆ ತಂದೆ. 2 ರೂಪಾಯಿ ಅಂದರೆ ಕಿವಿಗೆ ಸಣ್ಣದು. ಅದು ನೂರಕ್ಕೆ ತಿಂಗಳಿಗೆ 2, ವರ್ಷಕ್ಕೆ 24. 2019ರಲ್ಲಿ 7 ಲಕ್ಷ, 2020ರಲ್ಲಿ 7, 2021ರಲ್ಲಿ ಕೊನೆಯ ಅರ್ಧ ವರ್ಷದ ಫೀಸು ಹಾಸ್ಟೆಲ್ಲು ಸೇರಿ 4. ಒಟ್ಟು 18. ಬಡ್ಡಿ ಕಟ್ಟಲು ಆಗಲಿಲ್ಲ, ಮುಂದಿನ ಸುಗ್ಗಿ ಮುಂದಿನ ಸುಗ್ಗಿ ಅಂತ ತಳ್ಳಿದೆ. 2023ರ ಶುರುವಿನಲ್ಲಿ ಅವರು ಖಾತೆ ಪುಸ್ತಕ ತೆಗೆದು, ಟಕಟಕ ಒತ್ತಿ, ಕ್ಯಾಲ್ಕುಲೇಟರನ್ನು ನನ್ನ ಕಡೆ ತಿರುಗಿಸಿ ಇಟ್ಟರು. 29 ಲಕ್ಷದ 50 ಸಾವಿರ. ಬಾಯಲ್ಲಿ ಹೇಳಲೂ ಇಲ್ಲ. ಚಹಾ ತರಿಸಿದರು. ಚಕ್ರಬಡ್ಡಿ ಹಾಕಿಲ್ಲ ನೋಡಿ ಅಂದರು, ಅದೂ ನಿಜವೇ. ಇದರ ಜೊತೆ ಇನ್ನೊಂದು ಏಟು ಇದೆ, ಅದು ಕಾಗದದಲ್ಲಿ ಕಾಣುವುದಿಲ್ಲ. ಸಾಲ ಇರುವವರೆಗೆ ಭತ್ತ ಅವರ ಅಂಗಡಿಗೇ ಹಾಕಬೇಕು. ರೇಟು ಅವರು ಹೇಳಿದ್ದೇ. ಚೀಲಕ್ಕೆ 50, 100 ಕಡಿಮೆ ಅಂತ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಇಳಿಸಿ ಬರುತ್ತಿದ್ದೆ.

ಕೊನೆಗೆ ಮಾರಿದ್ದೇ. ಆ ಹೊತ್ತಿಗೆ ರೇಟು 22 ಲಕ್ಷ ಆಗಿತ್ತು. ಆ ಲೆಕ್ಕಕ್ಕೆ 1 ಎಕರೆ 14 ಗುಂಟೆ ಸಾಕಿತ್ತು. ಹಾಗೆ ಗುಂಟೆ ಲೆಕ್ಕದಲ್ಲಿ ಕೊಳ್ಳುವವರು ಯಾರು? ತೂಬಿನ ಪಕ್ಕದ 2 ಎಕರೆ ಪೂರ್ತಿ ಕೊಡಿ ಅಂದರು. ನನಗೆ ಅವಸರ ಇದೆ ಅಂತ ಊರಿಗೆಲ್ಲ ಗೊತ್ತಾಗಿತ್ತು, 19ಕ್ಕೆ ಇಳಿಸಿದರು.

ಈಗ ಶಾಂತವಾಗಿ ಕೂತು ಲೆಕ್ಕ ಹಾಕಿದರೆ ನಗು ಬರುತ್ತದೆ. ಎಕರೆಗೆ ವರ್ಷಕ್ಕೆ 25 ಚೀಲ ಲೀಸು ಬಂದರೂ, ಚೀಲಕ್ಕೆ 2 ಸಾವಿರ ಹಿಡಿದರೆ 50 ಸಾವಿರ. ಅದೇ ಎಕರೆ ಉಳಿಸಿಕೊಳ್ಳಲು ಮಾಡಿದ 18 ಲಕ್ಷದ ಸಾಲಕ್ಕೆ ಬಡ್ಡಿಯೇ ವರ್ಷಕ್ಕೆ 4 ಲಕ್ಷದ 32 ಸಾವಿರ. ಗದ್ದೆ ಉಳಿಸಿದೆ ಅಂದುಕೊಂಡಿದ್ದೆ, ಗದ್ದೆಯೇ ನನ್ನನ್ನು ತಿನ್ನುತ್ತಿತ್ತು. ಎರಡು ಬೆಳೆ ಬರುತ್ತದೆ, ತೀರಿಸುತ್ತೇನೆ ಅಂತ ನೀವು ಅಂದುಕೊಂಡಿದ್ದರೆ 2024ರ ಆಗಸ್ಟ್ ನೆನಪು ಮಾಡಿಕೊಳ್ಳಿ. ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತು, ಸ್ಟಾಪ್‌ಲಾಗ್ (ತಾತ್ಕಾಲಿಕ ಗೇಟು) ಇಳಿಸುವವರೆಗೆ ನಮ್ಮೂರಲ್ಲಿ ಯಾರಿಗೂ ಅನ್ನ ಇಳಿಯಲಿಲ್ಲ. ನೀರು ನಂಬಿ 2 ರೂಪಾಯಿ ಬಡ್ಡಿಗೆ ತರಬಾರದು.

ಮಗ ಈಗ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್, ತಿಂಗಳಿಗೆ 50 ಸಾವಿರ. ಒಳ್ಳೆ ಹುಡುಗ. ಡ್ಯೂಟಿ ಮುಗಿಸಿ ಬಂದು ಪಿಜಿಗೆ ಓದುತ್ತಾನೆ. ಊರಲ್ಲಿ ಕೇಳುತ್ತಾರೆ, ಯಾವ ಡಾಕ್ಟ್ರು, ಎಲುಬಿನ ಡಾಕ್ಟ್ರಾ, ಮಕ್ಕಳ ಡಾಕ್ಟ್ರಾ ಅಂತ. ಎಂಬಿಬಿಎಸ್ ಅಂದರೆ ಇನ್ನೂ ಓದುತ್ತಿದ್ದಾನೆ ಅಂತಲೇ ಅರ್ಥ ಮಾಡಿಕೊಳ್ಳುತ್ತಾರೆ. ಹಾಗಾಗಿ 60 ಲಕ್ಷಕ್ಕೆ ಮುಗಿಯುತ್ತದೆ ಅಂತ ಹಾಕಬೇಡಿ. ಪಿಜಿ ಸರ್ಕಾರಿ ಸಿಕ್ಕರೆ ಸರಿ, ಸಿಗದಿದ್ದರೆ ಆ ಫೀಸಿನ ಮಾತು ಇಲ್ಲಿ ಆಡುವುದೇ ಬೇಡ. ಮಾರುವುದೇ ಆದರೆ ಅವಸರ ಇಲ್ಲದಾಗ, ಪೂರ್ತಿ ಲೆಕ್ಕ ಹಾಕಿ, ಒಂದೇ ಸಲ ಮಾರಿ.

ರಾಯಚೂರಿನಿಂದ, ಬ್ಯಾಂಕಿನಲ್ಲಿ ಕೆಲಸ ಮಾಡುವವರು:

ಸಿಂಧನೂರಿನ ಹಿರಿಯರು ಹೇಳಿದ್ದು ಸರಿ, ಆದರೆ ಗದ್ದೆ ಮತ್ತು ಅಡತಿ ಬಿಟ್ಟರೆ ಬೇರೆ ದಾರಿಯೇ ಇಲ್ಲ ಅಂತಲ್ಲ. ನಮ್ಮ ಕೌಂಟರಿಗೆ ಪ್ರತಿ ವರ್ಷ ಪಹಣಿ ಹಿಡಿದುಕೊಂಡು ಬರುವ ರೈತರಿದ್ದಾರೆ. 8 ಎಕರೆ ಇದೆ ಸಾರ್, ಎಜುಕೇಶನ್ ಲೋನ್ ಕೊಡಿ ಅಂತಾರೆ. ಕೃಷಿ ಜಮೀನನ್ನು ಸಾಮಾನ್ಯವಾಗಿ ಈ ಸಾಲಕ್ಕೆ ಅಡಮಾನ ಹಿಡಿಯುವುದಿಲ್ಲ, ಯಾಕೆಂದರೆ ಸಾಲ ಕೆಟ್ಟರೆ ವಸೂಲಿಗೆ ಇರುವ ಸರ್ಫೇಸಿ ಕಾಯಿದೆಯಲ್ಲಿ ಅದನ್ನು ಮುಟ್ಟಲು ಬರುವುದಿಲ್ಲ. ಏಳೂವರೆ ಲಕ್ಷದವರೆಗೆ ಅಡಮಾನ ಬೇಡ. ಅದರ ಮೇಲೆ ಮನೆ, ಎನ್‌ಎ (ಕೃಷಿಯೇತರ) ಪ್ಲಾಟ್, ಎಫ್‌ಡಿ ಇಂಥದ್ದು ಕೇಳುತ್ತೇವೆ. ಹಳ್ಳಿ ಮನೆಗೆ ಪಂಚಾಯ್ತಿ ಕೊಡುವ ಇ-ಸ್ವತ್ತಿನ ಫಾರಂ 9, ಫಾರಂ 11 ಇರಬೇಕು. ಎಷ್ಟೋ ಜನ ಇಲ್ಲೇ ಸಿಕ್ಕಿಬೀಳುತ್ತಾರೆ. 40 ಲಕ್ಷ ಖರ್ಚು ಮಾಡಿ ಆರ್‌ಸಿಸಿ ಮನೆ ಕಟ್ಟಿರುತ್ತಾರೆ, ಕಾಗದದಲ್ಲಿ ಅದು ಇಲ್ಲವೇ ಇಲ್ಲ.

ಇನ್ನೊಂದು, ಸೀಟು ಅಲಾಟ್ ಆದ ಮೇಲೆ ಫೀಸು ಕಟ್ಟಲು ಕೆಇಎ (ಸೀಟು ಹಂಚುವ ರಾಜ್ಯದ ಪರೀಕ್ಷಾ ಪ್ರಾಧಿಕಾರ) ಕೊಡುವುದು ಕೆಲವೇ ದಿನ. ಅಷ್ಟರಲ್ಲಿ ಲೀಗಲ್ ಒಪಿನಿಯನ್, ವ್ಯಾಲ್ಯುವೇಶನ್ ಆಗಿ ಸಾಲ ಮಂಜೂರಾಗುವುದಿಲ್ಲ. ಮೊದಲ ವರ್ಷದ ಫೀಸು ಕೈಯಲ್ಲೇ ಇರಬೇಕು, ಕಾಗದಪತ್ರ ಈಗಲೇ ಶುರು ಮಾಡಿ. ಕೋರ್ಸು ಮತ್ತು ಆಮೇಲೆ ಒಂದು ವರ್ಷ ಕಂತು ಇರುವುದಿಲ್ಲ, ಆದರೆ ಬಡ್ಡಿ ಸೇರುತ್ತಾ ಇರುತ್ತದೆ. ಆಗಲಿಂದಲೇ ತಿಂಗಳ ಬಡ್ಡಿ ಕಟ್ಟುತ್ತಾ ಹೋದರೆ ಕೊನೆಯಲ್ಲಿ ಎದೆ ಒಡೆಯುವುದಿಲ್ಲ. 2024ರ ನವೆಂಬರ್‌ನಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಸಾಲ ಯೋಜನೆಯಲ್ಲಿ ಅಡಮಾನವೂ ಬೇಡ, ಜಾಮೀನೂ ಬೇಡ, ಮನೆ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ನೂರಕ್ಕೆ 3 ಸರ್ಕಾರ ಕೊಡುತ್ತದೆ. ಆದರೆ ಅದಕ್ಕೆ ಕಾಲೇಜು ಅವರ ಪಟ್ಟಿಯಲ್ಲಿರಬೇಕು. ಆಪ್ಷನ್ ಎಂಟ್ರಿ (ಬೇಕಾದ ಕಾಲೇಜುಗಳ ಆಯ್ಕೆ) ಮಾಡುವ ಮೊದಲೇ ಪಟ್ಟಿ ನೋಡಿ, ಆಮೇಲೆ ನೋಡಿ ಪ್ರಯೋಜನ ಇಲ್ಲ.

ಬಳ್ಳಾರಿಯಿಂದ, ಸರ್ಕಾರಿ ಕಾಲೇಜಿನಲ್ಲಿ ಓದಿದ ಯುವತಿ:

ಅಂಕಲ್, ನಮ್ಮ ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371ಜೆ ಸರ್ಟಿಫಿಕೇಟ್ ಮಾಡಿಸಿದ್ದೀರಾ? ನೀವು ಆ ಮಾತೇ ಎತ್ತಿಲ್ಲ, ಅದಕ್ಕೆ ಕೇಳುತ್ತಿದ್ದೇನೆ. 2013ರಿಂದ ನಮ್ಮ ಭಾಗದ ಕಾಲೇಜುಗಳಲ್ಲಿ ರಾಜ್ಯದ ಪಾಲಿನ ಸೀಟುಗಳಲ್ಲಿ ನೂರಕ್ಕೆ 70 ನಮ್ಮವರಿಗೇ. ರಾಜ್ಯದ ಬೇರೆ ಕಡೆ 8. ಬಳ್ಳಾರಿಯಲ್ಲಿ 1961ರಿಂದ ಕಾಲೇಜಿದೆ (ಹೆಸರು ಬದಲಾದರೂ ನಮಗೆ ಅದು ವಿಮ್ಸೇ), ರಾಯಚೂರಿನ ರಿಮ್ಸ್ 2007ರದ್ದು, ನಿಮ್ಮ ಕೊಪ್ಪಳದ ಕಿಮ್ಸ್ 2015ರದ್ದು. ಕೋಚಿಂಗ್‌ನವರು ಹೇಳುವ ಕಟ್‌ಆಫ್ ಎಷ್ಟೋ ಸಲ ಇಡೀ ರಾಜ್ಯದ್ದು ಆಗಿರುತ್ತದೆ, ನಮ್ಮ ಕೋಟಾದ್ದು ಅಲ್ಲ. ಹಿಂದಿನ ವರ್ಷದ ಪಟ್ಟಿಯನ್ನು ಕೆಇಎ ಸೈಟಿನಲ್ಲಿ ನಿಮ್ಮ ಕೆಟಗರಿ ಸಮೇತ ತೆಗೆದು ನೋಡಿ. ಸರ್ಟಿಫಿಕೇಟ್ ಎಸಿ (ಉಪವಿಭಾಗಾಧಿಕಾರಿ) ಆಫೀಸಿನದ್ದು, ನಮ್ಮ ಭಾಗದಲ್ಲಿ 10 ವರ್ಷ ಇದ್ದ ದಾಖಲೆ ಕೇಳುತ್ತಾರೆ, ಶಾಲೆ ಸರ್ಟಿಫಿಕೇಟ್‌ಗಳನ್ನು ಒಟ್ಟು ಮಾಡಿಟ್ಟುಕೊಳ್ಳಿ.

ಸರ್ಕಾರಿ ಸೀಟಿನ ಫೀಸು ವರ್ಷಕ್ಕೆ 60 ಸಾವಿರದ ಆಸುಪಾಸು. ಖಾಸಗಿಯಲ್ಲೇ ಆದರೂ ಸರ್ಕಾರಿ ಕೋಟಾ ಸಿಕ್ಕರೆ ಒಂದೂವರೆ ಲಕ್ಷದ ಆಸುಪಾಸು. 12 ಲಕ್ಷ ಎಲ್ಲಿ, ಇದೆಲ್ಲಿ.

ನಮ್ಮಪ್ಪ ಇಲ್ಲಿ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಟೈಲರ್. ನಾನು ಮೂರು ಸಲ ಬರೆದೆ. ಎರಡನೇ ಸಲ ಆಗದಿದ್ದಾಗ ಖಾಸಗಿ ಅನ್ನುವ ಪದವೇ ನಮ್ಮ ಮನೆಯಲ್ಲಿ ಬರಲಿಲ್ಲ, ಬರುವ ಹಾಗೂ ಇರಲಿಲ್ಲ. ಲಾಂಗ್ ಟರ್ಮ್ ಕೋಚಿಂಗ್‌ಗೆ ಹಾಸ್ಟೆಲ್ಲು ಸೇರಿ ಒಂದೂವರೆ ಲಕ್ಷ ಆಯಿತು. ಮೂರನೇ ಸಲ ಸಿಕ್ಕಿತು. ಇಂಟರ್ನ್‌ಶಿಪ್‌ನಲ್ಲಿ ತಿಂಗಳಿಗೆ 30 ಸಾವಿರ ಸ್ಟೈಪೆಂಡ್ ಬಂದಾಗ ಮೊದಲ ತಿಂಗಳದ್ದು ಅಪ್ಪನ ಕೈಗೆ ಕೊಟ್ಟೆ, ಎರಡು ಸಲ ಎಣಿಸಿದರು. ಆದರೆ ಇದನ್ನು ಕೇಳಿ ಮಗಳನ್ನು ಇನ್ನೊಂದು ವರ್ಷ ಕೂರಿಸಬೇಡಿ, ಮೊದಲು ಅವಳನ್ನೇ ಕೇಳಿ. ನನ್ನ ರೂಮ್‌ಮೇಟ್ ನಾಲ್ಕು ಸಲ ಬರೆದಳು. ನಾಲ್ಕನೇ ವರ್ಷ ಅವಳು ಯಾರ ಫೋನನ್ನೂ ಎತ್ತುತ್ತಿರಲಿಲ್ಲ. ಈಗ ಬಿಎಸ್ಸಿ ನರ್ಸಿಂಗ್ ಮುಗಿಸಿದ್ದಾಳೆ, ಚೆನ್ನಾಗಿದ್ದಾಳೆ, ಆದರೆ ಆ ವರ್ಷಗಳ ಮಾತು ಬಂದರೆ ಎದ್ದು ಹೋಗುತ್ತಾಳೆ.

ಕುಷ್ಟಗಿಯಿಂದ:

ಯಾರಾದರೂ ಹೊರದೇಶ ಅಂತ ಹೇಳಿಯೇ ಹೇಳುತ್ತಾರೆ, 30 ಲಕ್ಷಕ್ಕೆ ಮುಗಿಯುತ್ತದೆ ಅಂತ. ನನ್ನ ಅಣ್ಣನ ಮಗ ಉಕ್ರೇನಿನಲ್ಲಿದ್ದ. 2022ರಲ್ಲಿ ಯುದ್ಧ ಶುರುವಾದಾಗ ವಾಪಸ್ ಬಂದ, ನಮ್ಮ ಪುಣ್ಯ. ಅದೇ ದಿನಗಳಲ್ಲಿ ಹಾವೇರಿ ಜಿಲ್ಲೆಯ ಹುಡುಗ ಖಾರ್ಕಿವ್‌ನಲ್ಲಿ ಸತ್ತ ಸುದ್ದಿ ಟಿವಿಯಲ್ಲಿ ಬರುತ್ತಿದ್ದಾಗ ನಮ್ಮ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಯುದ್ಧ ಬಿಡಿ, ಅದು ಎಲ್ಲ ಕಡೆ ಆಗುವುದಿಲ್ಲ. ಹೊರಗೆ ಓದಿ ಬಂದವರು ಇಲ್ಲಿ ಡಾಕ್ಟರಾಗಲು ಬರೆಯಬೇಕಾದ ಎಫ್‌ಎಂಜಿಇ ಪರೀಕ್ಷೆ ಮಾತ್ರ ಎಲ್ಲರಿಗೂ ಇದೆ. 300ಕ್ಕೆ 150 ಬರಬೇಕು. ನೂರು ಜನ ಬರೆದರೆ ಇಪ್ಪತ್ತು, ಮೂವತ್ತು ಜನ ಪಾಸಾಗುತ್ತಾರೆ. ಏಜೆಂಟರು ಇದನ್ನು ಹೇಳುವುದಿಲ್ಲ, ಏರ್‌ಪೋರ್ಟಿನಲ್ಲಿ ಹಾರ ಹಾಕಿ ಫೋಟೊ ತೆಗೆಸುತ್ತಾರೆ.

ಲಿಂಗಸುಗೂರಿನಿಂದ ಒಬ್ಬ ಅಕ್ಕ:

ಎಲ್ಲರೂ ಎಕರೆ, ಬಡ್ಡಿ ಅಂತ ಬರೆದಿದ್ದೀರಿ. ಸಿಂಧನೂರಿನವರೇ, ನಿಮ್ಮ ಮೇಲೆ ಸಿಟ್ಟಲ್ಲ, ಆದರೆ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಯಾರ್ಯಾರು ಬಂದು ಸಹಿ ಹಾಕಿದರು ಅಂತ ನೀವು ಹೇಳಲಿಲ್ಲ.

ನಾನು ಹಾಗೆ ಸಹಿ ಹಾಕಿದವಳು. ತಮ್ಮನಿಗೆ ಮೆಡಿಕಲ್ ಸೀಟು ಸಿಕ್ಕಿತು. ಪಿತ್ರಾರ್ಜಿತ ಹೊಲ, ನನ್ನದೂ ಹಿಸ್ಸೆ ಇದೆ, ಕೊಳ್ಳುವವರು ಹೆಣ್ಣುಮಗಳ ಸಹಿ ಇಲ್ಲದೆ ಆಗುವುದಿಲ್ಲ ಅಂದರು. ಗಂಡನ ಮನೆಗೆ ಅಪ್ಪ ಫೋನ್ ಮಾಡಿ, ನಾಳೆ ಹತ್ತು ಗಂಟೆಗೆ ಬಾರವ್ವ, ಆಧಾರ್ ಕಾರ್ಡ್ ತಗೊಂಡು ಬಾ ಅಂದರು. ಯಾಕೆ ಅಂತ ಅಲ್ಲಿ ಹೋದ ಮೇಲೆ ಗೊತ್ತಾಯಿತು. ಹೆಬ್ಬೆಟ್ಟಿಟ್ಟೆ, ಫೋಟೊ ತೆಗೆದರು. ಹೊರಗೆ ಬಂದು ಹೋಟೆಲಿನಲ್ಲಿ ಮಂಡಕ್ಕಿ ಮಿರ್ಚಿ ತಿನ್ನಿಸಿದರು, ಅವ್ವ ಒಂದು ಸೀರೆ ಕೊಟ್ಟಳು. ನನ್ನ ಬಿ.ಎಡ್‌ಗೆ ಫೀಸು ಕಟ್ಟಲು ಆಗುವುದಿಲ್ಲ ಅಂತ ಬಿಡಿಸಿದ್ದರು ಅಂತ ಆಗ ನೆನಪಾಯಿತು. ತಮ್ಮ ಒಳ್ಳೆಯವನೇ. ನನ್ನ ಮಗಳಿಗೆ ಜ್ವರ ಬಂದರೆ ವಿಡಿಯೊ ಕಾಲ್ ಮಾಡುತ್ತಾನೆ. ನಾನು ಬೇಡ ಅನ್ನುತ್ತಿರಲಿಲ್ಲ ಅನ್ನಿ. ಆದರೆ ಕೇಳಿದ್ದರೆ ಹ್ಞೂಂ ಅನ್ನುವ ಅವಕಾಶವಾದರೂ ಸಿಗುತ್ತಿತ್ತು.

ಅಣ್ಣಾರೇ, ನಿಮ್ಮ ಮಗ 9ನೇ ಕ್ಲಾಸು ಅಂತ ಒಂದೇ ಸಾಲಿನಲ್ಲಿ ಬರೆದಿದ್ದೀರಿ. ಅವನ ಮುಂದೆ ಲೆಕ್ಕ ಹಾಕಿ. ಮಾರುವ 2 ಎಕರೆ ಯಾರ ಪಾಲಿನದು ಅಂತ ಕಾಗದದಲ್ಲೇ ಬರೆದಿಡಿ. ಮಗಳ ಪಾಲಿನದೇ ಅಂತಾದರೆ ಅವಳಿಗೂ ಅದು ಗೊತ್ತಿರಲಿ, ಮುಂದೆ ಯಾರೂ ಯಾರ ಮುಖ ತಪ್ಪಿಸಿಕೊಂಡು ಓಡಾಡುವುದು ಬೇಡ.

ಕಾರಟಗಿಯವರು ಮತ್ತೆ ಬರೆದದ್ದು:

ಎಲ್ಲರಿಗೂ ದೊಡ್ಡ ನಮಸ್ಕಾರ. ಅಣ್ಣನಿಗೆ ಫೋನ್ ಮಾಡಿ ಅಡತಿ ಬೇಡ ಅಂತ ಹೇಳಿದೆ, ಸ್ವಲ್ಪ ಬೇಜಾರಾದ. 371ಜೆ ಮಾಡಿಸಿದ್ದೇವಮ್ಮ, ಆದರೆ ಕಟ್‌ಆಫ್ ಹಾಗೆ ಬಿಡಿಸಿ ನೋಡಿರಲಿಲ್ಲ. ಮಗಳು ರಾತ್ರಿ ಕೂತು ನೋಡಿದಳು. ಎರಡನೇ ರೌಂಡು, ಮಾಪ್‌ಅಪ್ (ಉಳಿದ ಸೀಟುಗಳ) ರೌಂಡಿನವರೆಗೆ ಕಾಯೋಣಪ್ಪ ಅಂತಿದ್ದಾಳೆ. ಸಿಗದಿದ್ದರೆ ಇನ್ನೊಂದು ಸಲ ಬರೆಯುತ್ತೀಯಾ ಅಂತ ಕೇಳಿದೆ. ಮೂರು ದಿನ ಟೈಮ್ ಕೊಡು ಅಂದಳು.

ಲಿಂಗಸುಗೂರಿನ ಅಕ್ಕಾರೇ, ನೀವು ಹೇಳಿದಂತೆ ಮಗನನ್ನೂ ಕೂರಿಸಿಕೊಂಡು ಲೆಕ್ಕ ಹಾಕಿದೆವು. ಅರ್ಧಕ್ಕೇ ಅವನು, ನಾನು ಕಾಮರ್ಸ್ ತಗೋತೀನಿ ಬಿಡಪ್ಪ, ಅದಕ್ಕೆ ಖರ್ಚಿಲ್ಲ ಅಂದ. ಅವನಿಗೆ ಕಾಮರ್ಸ್ ಅಂದರೆ ಏನು ಅಂತಲೂ ಗೊತ್ತಿಲ್ಲ. ಅವನ ಅವ್ವ ಎದ್ದು ಒಳಗೆ ಹೋದಳು.

ಬ್ಯಾಂಕಿನ ಸಾರ್, ನಮ್ಮ ಮನೆಗೆ ಫಾರಂ 9 ಇದೆ, 11 ಇಲ್ಲ. ಸೋಮವಾರ ಪಂಚಾಯ್ತಿಗೆ ಹೋಗುತ್ತೇನೆ. ಪಿಡಿಒ ಹತ್ತಿರ ಏನೇನು ತಗೊಂಡು ಹೋಗಬೇಕು ಹೇಳ್ತೀರಾ?