ಹೋಯಿತು ಅಂದುಕೊಂಡರೆ ಮತ್ತೆ ಬರುವ ತುರಿಕೆ: ಚರ್ಮದ ಡಾಕ್ಟರಿಗೆ ಕೇಳಿ

ಡಾಕ್ಟರ್: ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ 18 ವರ್ಷದಿಂದ ಚರ್ಮದ ಕಾಯಿಲೆ ನೋಡುತ್ತಿದ್ದೇನೆ. ಇವತ್ತು ಸಂಜೆ ಬಿಡುವಿದೆ, ಕೇಳಿ. ಬರೀ ಫೋಟೋ ನೋಡಿ ಔಷಧಿ ಬರೆಯುವುದಿಲ್ಲ. ಎಷ್ಟು ದಿನದಿಂದ ಇದೆ, ಎಲ್ಲೆಲ್ಲಿ ಇದೆ, ಏನೇನು ಹಚ್ಚಿದ್ದೀರಿ ಅಂತ ಬರೆಯಿರಿ.

ಹಾಸ್ಟೆಲ್ ಹುಡುಗ: ಮೇಡಂ, ತೊಡೆಸಂದಿಯಲ್ಲಿ ಹುಳುಕಡ್ಡಿ. ಒಂದು ವರ್ಷದಿಂದ ಹೋಗುತ್ತೆ, ಬರುತ್ತೆ. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಕ್ರೀಮ್ ಹಚ್ಚಿದರೆ ಎರಡೇ ದಿನಕ್ಕೆ ನವೆ ನಿಲ್ಲುತ್ತೆ.

ಡಾಕ್ಟರ್: ಎರಡೇ ದಿನಕ್ಕೆ ನಿಲ್ಲುತ್ತೆ ಅಂದರೆ ಅದರಲ್ಲಿ ಸ್ಟೀರಾಯ್ಡ್ ಇರಬೇಕು. ಟ್ಯೂಬಿನ ಮೇಲೆ ಕ್ಲೋಬೆಟಾಸಾಲ್, ಬೆಟಾಮೆಥಾಸೋನ್ ಅಂತ ಇದೆಯಾ ನೋಡಿ. ಅದು ನವೆಯನ್ನು ಅಡಗಿಸುತ್ತೆ, ಹುಳುಕಡ್ಡಿ ತರುವ ಶಿಲೀಂಧ್ರವನ್ನು (ಫಂಗಸ್) ಕೊಲ್ಲುವುದಿಲ್ಲ. ಒಳಗೊಳಗೇ ಅದು ಇನ್ನೂ ಹರಡುತ್ತೆ. ಆ ಟ್ಯೂಬ್ ಬಿಡಿ, ಚರ್ಮದ ಡಾಕ್ಟರಿಗೆ ತೋರಿಸಿ. ಮಾತ್ರೆ ವಾರಗಟ್ಟಲೆ ಬೇಕಾಗಬಹುದು. ಗೆರೆ ಮಾಯವಾಯಿತು ಅಂತ ಮಧ್ಯದಲ್ಲಿ ನಿಲ್ಲಿಸಬೇಡಿ. ಟವೆಲ್, ಒಳಉಡುಪು ಯಾರ ಜೊತೆಯೂ ಹಂಚಿಕೊಳ್ಳಬೇಡಿ.

ಎರಡು ಮಕ್ಕಳ ಅಮ್ಮ: ನಮ್ಮ ಮನೆಯಲ್ಲಿ ನಾಲ್ಕೂ ಜನಕ್ಕೆ ರಾತ್ರಿ ಹೊತ್ತು ಜಾಸ್ತಿ ತುರಿಕೆ. ಬೆರಳ ಸಂದಿಯಲ್ಲಿ, ಹೊಕ್ಕಳ ಸುತ್ತ ಸಣ್ಣ ಗುಳ್ಳೆ. ಚಿಕ್ಕವನಿಗೆ ಲೋಷನ್ ಹಚ್ಚಿದೆವು, ಹೋಯಿತು. ತಿಂಗಳಿಗೆ ಮತ್ತೆ ಬಂತು.

ಡಾಕ್ಟರ್: ಕಜ್ಜಿ ಇದ್ದ ಹಾಗಿದೆ. ಒಬ್ಬನಿಗೆ ಹಚ್ಚಿದ್ದೇ ತಪ್ಪಾಗಿದ್ದು. ತುರಿಕೆ ಇಲ್ಲದವರೂ ಸೇರಿ ಮನೆಮಂದಿಯೆಲ್ಲ ಒಂದೇ ರಾತ್ರಿ ಹಚ್ಚಬೇಕು. ಕತ್ತಿನಿಂದ ಪಾದದವರೆಗೆ, ಉಗುರಿನ ಸಂದಿಯನ್ನೂ ಬಿಡದೆ. ವಾರ ಬಿಟ್ಟು ಇನ್ನೊಂದು ಸಲ. ಹಾಸಿಗೆ, ಬಟ್ಟೆ ಅವತ್ತೇ ಬಿಸಿನೀರಲ್ಲಿ ಒಗೆಯಿರಿ. ಕಜ್ಜಿ ತರುವ ಹುಳ ಸತ್ತ ಮೇಲೂ ಎರಡು ಮೂರು ವಾರ ನವೆ ಉಳಿಯಬಹುದು. ಗಾಬರಿಯಾಗಿ ದಿನಾ ಹಚ್ಚಬೇಡಿ. ಮಕ್ಕಳ ವಯಸ್ಸು ಹೇಳಿ ಡಾಕ್ಟರ ಹತ್ತಿರ ಬರೆಸಿಕೊಳ್ಳಿ.

ದುಬೈ ಮಗಳು: ಮೇಡಂ, ಅಪ್ಪನಿಗೆ 58. ಊರು ಚಿಕ್ಕಬಳ್ಳಾಪುರದ ಹತ್ತಿರ, ಸೇವಂತಿಗೆ ಬೆಳೆಯುತ್ತಾರೆ. ಎರಡು ವರ್ಷದಿಂದ ಕಣ್ಣಿನ ರೆಪ್ಪೆ, ಕತ್ತು, ಕಿವಿ ಹಿಂದೆ, ಮೊಣಕೈ ಮಡಿಕೆಯಲ್ಲಿ ಕೆಂಪಾಗಿ ವಿಪರೀತ ತುರಿಕೆ. ಚರ್ಮ ಆನೆ ಚರ್ಮದ ಹಾಗೆ ದಪ್ಪ ಆಗಿದೆ. ನನ್ನ ಬಾಣಂತನದ ಹೊತ್ತಿಗೆ ಅಪ್ಪ ಅಮ್ಮ ಎರಡು ತಿಂಗಳು ಇಲ್ಲಿಗೆ ಬಂದಿದ್ದರು. ಪೂರ್ತಿ ವಾಸಿಯಾಗಿತ್ತು. ಊರಿಗೆ ಹೋದ ವಾರಕ್ಕೇ ಮತ್ತೆ ಶುರು. ಪಕ್ಕದ ಊರಲ್ಲಿ ಒಬ್ಬರು ಇಂಜೆಕ್ಷನ್ ಕೊಡುತ್ತಾರೆ, ಮೂರು ವಾರ ಆರಾಮಾಗಿರುತ್ತಾರೆ, ಆಮೇಲೆ ಮತ್ತೆ ಅದೇ. ರಕ್ತ ಕೆಟ್ಟಿದೆ ಅಂತಾರೆ ಎಲ್ಲ.

ಅಜ್ಜಿಮನೆ: ಬದನೆಕಾಯಿ, ಮೀನು, ಮೊಟ್ಟೆ ಬಿಡಿಸಮ್ಮ. ಎಲ್ಲ ನಂಜು.

ಡಾಕ್ಟರ್: ದುಬೈ ಮಗಳೇ, ನಿಮ್ಮದನ್ನು ಎರಡು ಸಲ ಓದಿದೆ. ರಕ್ತ ಕೆಟ್ಟಿದ್ದರೆ ಆ ರಕ್ತ ವಿಮಾನದಲ್ಲೂ ಜೊತೆಗೇ ಬರುತ್ತಿತ್ತು, ಅಲ್ವಾ? ವಾಸಿಯಾಗಿದ್ದು ಊರು ಬಿಟ್ಟಾಗ. ಅಂದರೆ ಊರಿನ ಗಾಳಿಯಲ್ಲಿ, ಹೊಲದಲ್ಲಿ ಏನೋ ಇದೆ. ನನ್ನ ಅನುಮಾನ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡದ ಮೇಲೆ.

ಜಾಗ ನೋಡಿ. ಬರೀ ಬಿಸಿಲಿನ ಅಲರ್ಜಿ ಆಗಿದ್ದರೆ ಗಲ್ಲದ ಕೆಳಗೆ, ಕಿವಿ ಹಿಂದೆ, ಮೇಲಿನ ರೆಪ್ಪೆಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಅಲ್ಲಿ ನೆರಳು. ನಿಮ್ಮ ಅಪ್ಪನಿಗೆ ಅಲ್ಲೇ ಇದೆ. ಒಣಗಿದ ಗಿಡದ ಪುಡಿ, ಪರಾಗ ಗಾಳಿಯಲ್ಲಿ ಬಂದು ಬೆವರಿನ ಜೊತೆ ಮಡಿಕೆಗಳಲ್ಲಿ ಕೂರುತ್ತೆ. ಗಿಡ ಮುಟ್ಟಲೇಬೇಕು ಅಂತಿಲ್ಲ. ಮುಟ್ಟಿದರೂ ತಕ್ಷಣ ಬರುವುದಿಲ್ಲ, ಒಂದೆರಡು ದಿನ ಬಿಟ್ಟು ಏಳುತ್ತೆ. ಅದಕ್ಕೇ ಯಾರಿಗೂ ಗಿಡದ ನೆನಪು ಬರುವುದಿಲ್ಲ, ಹಿಂದಿನ ರಾತ್ರಿಯ ಊಟ ನೆನಪಾಗುತ್ತೆ. ಮೂವತ್ತು ವರ್ಷ ಅದೇ ಗಿಡದ ನಡುವೆ ಏನೂ ಆಗದೆ ಇದ್ದವರಿಗೂ ಒಂದು ದಿನ ಶುರುವಾಗಬಹುದು. ಇನ್ನೊಂದು ವಿಷಯ. ಸೇವಂತಿಗೆಯೂ ಅದೇ ಕುಟುಂಬದ ಗಿಡ. ಒಂದಕ್ಕೆ ಅಲರ್ಜಿ ಆದವರಿಗೆ ಇನ್ನೊಂದೂ ತೊಂದರೆ ಕೊಡಬಹುದು. ಬೆಳೆಯೇ ಅದಾಗಿರುವಾಗ ಇದನ್ನು ಹೇಳಲು ನನಗೆ ಕಷ್ಟವಾಗುತ್ತೆ.

ನನಗೆ ಹೆಚ್ಚು ಚಿಂತೆ ಆ ಇಂಜೆಕ್ಷನ್ನಿನದು, ಅದು ಸ್ಟೀರಾಯ್ಡ್ ಇರಬಹುದು. ಎಷ್ಟು ಸಲ ಹಾಕಿಸಿದ್ದಾರೆ? ಸಕ್ಕರೆ, ಬಿಪಿ ನೋಡಿಸಿದ್ದಾರಾ?

ಹಾಸ್ಟೆಲ್ ಹುಡುಗ 2: ನನಗೂ ಹುಳುಕಡ್ಡಿ. ಯಾವ ಕ್ರೀಮ್ ಒಳ್ಳೇದು?

ಡಾಕ್ಟರ್: ಮೊದಲ ಉತ್ತರ ಓದಿ.

ಹಸಿರು ಮನೆ: ಬಂದದ್ದನ್ನು ಹಂಚಿಕೊಳ್ಳುತ್ತಿದ್ದೇನೆ: "ಬೆಳ್ಳುಳ್ಳಿ ಮತ್ತು ಸುಣ್ಣ ಅರೆದು ರಾತ್ರಿಯಿಡೀ ಕಟ್ಟಿ. ಮೂರು ದಿನದಲ್ಲಿ ಹುಳುಕಡ್ಡಿ ಬೇರುಸಮೇತ ಮಾಯ."

ಡಾಕ್ಟರ್: ದಯವಿಟ್ಟು ಯಾರೂ ಮಾಡಬೇಡಿ. ಹಸಿ ಬೆಳ್ಳುಳ್ಳಿ ಕಟ್ಟಿದರೆ ಚರ್ಮ ಬೆಂದು ಬೊಬ್ಬೆ ಬರುತ್ತೆ. ಸುಣ್ಣವೂ ಸುಡುತ್ತೆ. ಹೀಗೆ ತೊಡೆ ಸುಟ್ಟುಕೊಂಡು ಬಂದ ಹುಡುಗಿಯರಿಗೆ ನಾನೇ ಡ್ರೆಸಿಂಗ್ ಮಾಡಿದ್ದೇನೆ.

ಅಜ್ಜಿಮನೆ: ನಮ್ಮ ಹಿರಿಯರಿಗೆ ಏನೂ ಗೊತ್ತಿರಲಿಲ್ವಾ ಹಾಗಾದರೆ? ಪಿತ್ತಗಂಧೆಗೆ ಕಂಬಳಿ ಉಜ್ಜಿ ದೊಡ್ಡಪತ್ರೆ ರಸ ಹಚ್ಚುತ್ತಿದ್ದರು, ಕಮ್ಮಿ ಆಗುತ್ತಿತ್ತು.

ಕೋಲಾರದವ: ಅದು ಏನೂ ಹಚ್ಚದಿದ್ದರೂ ಕಮ್ಮಿ ಆಗುತ್ತಿತ್ತು ಅಕ್ಕ.

ಡಾಕ್ಟರ್: ಕೋಲಾರದವರು ಹೇಳಿದ್ದು ನಿಜ. ಪಿತ್ತಗಂಧೆಯ ಒಂದೊಂದು ಗಂಧೆ 24 ಗಂಟೆಯೊಳಗೆ ತಾನೇ ಇಳಿದು ಬೇರೆ ಕಡೆ ಏಳುತ್ತೆ. ದೊಡ್ಡಪತ್ರೆ ತಂಪು ಅನಿಸಬಹುದು. ಕಂಬಳಿ ಮಾತ್ರ ಬೇಡ, ಉಜ್ಜಿದಷ್ಟೂ ಗಂಧೆ ಏಳುತ್ತೆ. ತುಟಿ, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ ಇಲ್ಲಿ ಬರೆಯುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ.

ಅಜ್ಜಿಮನೆ: ನಂಜಿನ ವಿಷಯಕ್ಕೆ ಉತ್ತರವೇ ಬರಲಿಲ್ಲ.

ಕೋಲಾರದವ: ನಮ್ಮಪ್ಪ ಒಂದು ವರ್ಷ ಬದನೆಕಾಯಿ ಮುಟ್ಟಲಿಲ್ಲ. ತುರಿಕೆ ಹಾಗೇ ಇತ್ತು, ಮನುಷ್ಯ ಸೊರಗಿದರು ಅಷ್ಟೆ.

ಅಜ್ಜಿಮನೆ: ಪಥ್ಯ ಸರಿಯಾಗಿ ಮಾಡಿರಲ್ಲ.

ಕೋಲಾರದವ: ನಮ್ಮ ಮನೆಯ ಅಡುಗೆಮನೆ ನೀವು ನೋಡಿದ್ದೀರಾ?

ದುಬೈ ಮಗಳು: ಜಗಳ ಬೇಡ. ಇಲ್ಲಿದ್ದಾಗ ಅಪ್ಪನಿಗೆ ವಾರಕ್ಕೆರಡು ಸಲ ವಾಂಗಿಬಾತ್ ಮಾಡುತ್ತಿದ್ದೆ, ಮೀನೂ ತಿಂದರು. ಏನೂ ಆಗಲಿಲ್ಲ. ಮೇಡಂ, ಅಮ್ಮನನ್ನು ಕೇಳಿದೆ. ಒಂದೂವರೆ ವರ್ಷದಿಂದ ಮೂರು ನಾಲ್ಕು ವಾರಕ್ಕೊಂದು ಇಂಜೆಕ್ಷನ್ ಅಂತೆ. ಸಕ್ಕರೆ ಮೊದಲು ಇರಲಿಲ್ಲ. ಹೋದ ತಿಂಗಳು ಕ್ಯಾಂಪಿನಲ್ಲಿ ಖಾಲಿ ಹೊಟ್ಟೆಗೆ 210 ಬಂತಂತೆ. ಮುಖ ದುಂಡಗಾಗಿದೆ, ಮೈ ಕೈ ತುಂಬಿಕೊಂಡಿದ್ದಾರೆ ಅಂತ ನಾವು ಖುಷಿಪಟ್ಟಿದ್ದೆವು.

ಡಾಕ್ಟರ್: ಅದು ಮೈ ತುಂಬಿಕೊಂಡದ್ದಲ್ಲಮ್ಮ, ಸ್ಟೀರಾಯ್ಡಿನಿಂದ ಊದಿರಬಹುದು. ಸಕ್ಕರೆ ಏರಿರುವುದೂ ಅದರಿಂದಲೇ ಇರಬಹುದು. ಈ ವಾರವೇ ಫಿಸಿಷಿಯನ್ ಒಬ್ಬರಿಗೆ ತೋರಿಸಿ, ಇಷ್ಟು ದಿನ ಇಂಜೆಕ್ಷನ್ ಆಗಿದೆ ಅಂತ ಬಾಯಿಬಿಟ್ಟು ಹೇಳಿ. ದೇಹ ತಾನೇ ತಯಾರಿಸುವ ಸ್ಟೀರಾಯ್ಡ್ ಕುಗ್ಗಿರಬಹುದು. ಹಾಗಿದ್ದರೆ ಏಕಾಏಕಿ ನಿಲ್ಲಿಸಿದಾಗ ಸುಸ್ತು, ವಾಂತಿ, ಬಿಪಿ ಬೀಳುವುದು ಆಗುತ್ತೆ. ಅದಕ್ಕೆ ಡಾಕ್ಟರ ಕಣ್ಣಳತೆಯಲ್ಲೇ ಬಿಡಿಸಬೇಕು. ಅಲರ್ಜಿಗೆ ಬೇರೆ ಔಷಧಿ ಇದೆ. ಅಜಾಥಯೋಪ್ರಿನ್ ಅನ್ನುವ ಮಾತ್ರೆಯಿಂದ ಇಂಥವರು ಎಷ್ಟೋ ಜನ ಚೇತರಿಸಿಕೊಂಡಿದ್ದಾರೆ. ಅದಕ್ಕೆ ಆಗಾಗ ರಕ್ತಪರೀಕ್ಷೆ ಬೇಕೇ ಬೇಕು. ಹೆಸರು ಕೇಳಿ ಯಾರೂ ಅಂಗಡಿಯಿಂದ ತರಬೇಡಿ.

ರಾಗಿಮುದ್ದೆ: ಆ ಗಿಡಕ್ಕೆ ಪಕ್ಷದ ಹೆಸರು ಯಾಕೆ? ಪಾರ್ಥೇನಿಯಂ ಅನ್ನಿ ಸಾಕು.

ಕೋಲಾರದವ: ನಮ್ಮೂರಲ್ಲಿ ಚಿಕ್ಕಮಕ್ಕಳೂ ಹಾಗೇ ಕರೆಯೋದು. ಇದರಲ್ಲಿ ರಾಜಕೀಯ ಏನು ಬಂತು?

ರಾಗಿಮುದ್ದೆ: ಬೇಕು ಅಂತಲೇ ಹೇಳುವವರು ಇದ್ದಾರೆ.

ಹಸಿರು ಮನೆ: ಅಮೆರಿಕದ ಗೋಧಿ ಜೊತೆ ಬಂದದ್ದು ಅಲ್ವಾ? ತರಿಸಿದವರು ಯಾರು?

ಅಡ್ಮಿನ್: ಇಲ್ಲಿಂದ ಮುಂದಿನ 11 ಕಾಮೆಂಟ್ ತೆಗೆದಿದ್ದೇನೆ. ತುರಿಕೆ ಬಗ್ಗೆ ಮಾತ್ರ ಬರೆಯಿರಿ.

ಡಾಕ್ಟರ್: ಆ ಗಿಡ 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು, ಅಲ್ಲಿಂದ ದೇಶವೆಲ್ಲ ಹರಡಿತು. ಅದನ್ನು ತಿನ್ನುವ ಮೆಕ್ಸಿಕೋ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟಿದ್ದರು. ಮಳೆಗಾಲದಲ್ಲಿ ದುಂಬಿ ಸ್ವಲ್ಪ ತಿನ್ನುತ್ತೆ, ಗಿಡ ಮತ್ತೆ ಏಳುತ್ತೆ. ಹೆಸರಿನ ಜಗಳದಲ್ಲಿ ಒಂದು ಗಂಟೆ ಹೋಯಿತು. ಇಲ್ಲೊಬ್ಬರ ಅಪ್ಪನಿಗೆ ರೆಪ್ಪೆ ಮುಚ್ಚಲಾಗದಷ್ಟು ಉರಿ ಇದೆ.

ಬಿಳಿಮೋಡ: ಮೇಡಂ, ಮಗಳ ಕೆನ್ನೆ ಮೇಲೆ ಬಿಳಿ ಮಚ್ಚೆ, ತುರಿಕೆ ಇಲ್ಲ. ತೊನ್ನಾ?

ಹಾಸ್ಟೆಲ್ ಹುಡುಗ 2: ಮೊದಲ ಉತ್ತರ ಓದಿದೆ. ಕ್ರೀಮ್ ಹೆಸರು ಇಲ್ಲ.

ಡಾಕ್ಟರ್: ಬೇಕು ಅಂತಲೇ ಬರೆದಿಲ್ಲ.

ಹಸಿರು ಮನೆ: ಫಾರ್ವರ್ಡ್: "ಬ್ಯಾಟರಿ ನೀರು ಎರಡು ಹನಿ..."

ಡಾಕ್ಟರ್: ಅದು ಆಸಿಡ್. ಅಡ್ಮಿನ್, ಇದನ್ನು ಈಗಲೇ ತೆಗೆಯಿರಿ. ಕಳಿಸಿದವರು ತಮ್ಮ ಮಗುವಿನ ಕೈಗೆ ಹಾಕುತ್ತಾರಾ? ಓದದೆ ಕಳಿಸುವುದೂ ತಪ್ಪೇ.

ಹಸಿರು ಮನೆ: ಒಳ್ಳೇದಕ್ಕೆ ಕಳಿಸಿದ್ದು. ಇಷ್ಟು ಕಟುವಾಗಿ ಹೇಳಬೇಕಿರಲಿಲ್ಲ.

ಗೃಹಿಣಿ, ದಾವಣಗೆರೆ: ನಿಮ್ಮ ಕ್ಲಿನಿಕ್ ಎಲ್ಲಿ, ಫೀಸ್ ಎಷ್ಟು?

ದುಬೈ ಮಗಳು: ಮೇಡಂ, ತಮ್ಮ ಫೋಟೋ ಕಳಿಸಿದ್ದಾನೆ. ಅಪ್ಪ ಮಧ್ಯಾಹ್ನ ಮಲಗುವ ಪಂಪ್‌ಸೆಟ್ ಮನೆ ಸುತ್ತ ಸೊಂಟದೆತ್ತರಕ್ಕೆ ಅದೇ ಗಿಡ ಬೆಳೆದಿದೆ. ಅಪ್ಪನೇ ನಾಳೆ ಕಿತ್ತು ಸುಡುತ್ತೇನೆ ಅಂತಿದ್ದಾರೆ.

ಡಾಕ್ಟರ್: ಬೇಡ, ಅಪ್ಪ ಆ ಕಡೆ ಹೋಗಲೇಬಾರದು. ನಿಮ್ಮ ತಮ್ಮ ಕೈಗವಸು, ತುಂಬುತೋಳಿನ ಅಂಗಿ, ಮೂಗಿಗೆ ಬಟ್ಟೆ ಹಾಕಿಕೊಂಡು ಮಳೆ ಬಂದು ನೆಲ ಮೆತ್ತಗಾದಾಗ ಬೇರುಸಮೇತ ಕೀಳಲಿ, ಹೂ ಬಿಡುವ ಮೊದಲೇ. ಸುಟ್ಟರೆ ಹೊಗೆಯಲ್ಲಿ ಪುಡಿ ಹಾರುತ್ತೆ. ಅಪ್ಪ ಹೊಲದಿಂದ ಬಂದ ಕೂಡಲೇ ಸ್ನಾನ ಮಾಡಲಿ, ಬಟ್ಟೆ ಬದಲಿಸಲಿ. ಬಟ್ಟೆಯನ್ನು ಗಿಡದ ಹತ್ತಿರ ಒಣಹಾಕಬೇಡಿ.

ಅಲರ್ಜಿ ಯಾವುದಕ್ಕೆ ಅಂತ ನೋಡುವ ಪ್ಯಾಚ್ ಟೆಸ್ಟ್ ಮಾಡಿಸದೆ ಯಾವುದೂ ಖಾತ್ರಿಯಲ್ಲ. ಬೆನ್ನಿಗೆ ಸಣ್ಣ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ತೆಗೆದು ನೋಡುತ್ತಾರೆ, ಆಮೇಲೆ ಮತ್ತೊಂದು ಸಲ ನೋಡುತ್ತಾರೆ. ದೊಡ್ಡ ಸರ್ಕಾರಿ ಮೆಡಿಕಲ್ ಕಾಲೇಜಿನ ಚರ್ಮ ವಿಭಾಗದಲ್ಲಿ ವಿಚಾರಿಸಿ. ಕೊನೆಯ ಇಂಜೆಕ್ಷನ್ ಆಗಿ ನಾಲ್ಕು ವಾರವಾದರೂ ಕಳೆದಿರಬೇಕು, ಇಲ್ಲದಿದ್ದರೆ ಅಲರ್ಜಿ ಇದ್ದರೂ ಟೆಸ್ಟಿನಲ್ಲಿ ಕಾಣದೇ ಹೋಗಬಹುದು. ಮೊದಲು ಸಕ್ಕರೆ ನೋಡಿಸಿ, ಅದೇ ಈಗ ಅವಸರದ್ದು.

ದುಬೈ ಮಗಳು: ನಾಳೆ ಬೆಳಿಗ್ಗೆ ತಮ್ಮ ಕರಕೊಂಡು ಹೋಗುತ್ತಾನೆ ಮೇಡಂ.

ಡಾಕ್ಟರ್: ಇಂಜೆಕ್ಷನ್ನಿನ ಖಾಲಿ ಬಾಟಲಿಯೋ ಚೀಟಿಯೋ ಸಿಕ್ಕರೆ ತೆಗೆದುಕೊಂಡು ಹೋಗಲಿ. ರಿಪೋರ್ಟ್ ಬಂದ ಮೇಲೆ ನನಗೆ ಬರೆಯಿರಿ.